ಶಿಡ್ಲಘಟ್ಟದ ಮಿಯಾಝಾಕಿ

ಚಿಕ್ಕಬಳ್ಳಾಪುರ ಜಿಲ್ಲೆಯ ಸಮಾಜಜೀವನವನ್ನು ವ್ಯವಸ್ಥಿತವಾಗಿ ದಾಖಲಿಸಲು ಹೊರಡುವ ಯಾವ ವಿದ್ವಾಂಸರೂ ದ್ರಾಕ್ಷಿ ಬೆಳೆಗಾರ, ರೇಷ್ಮೆಯ ರೀಲರ್, ಟೊಮೆಟೊ ಮಂಡಿಯ ಮಾಲೀಕ, ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ ರಾತ್ರಿ ಮರಳುವ ನೌಕರ ಎಂಬ ಸ್ಥಾಪಿತ ವರ್ಗಗಳನ್ನು ಬಿಡಲಾರರು. ಆದರೆ ಈಚಿನ ವರ್ಷಗಳಲ್ಲಿ ಈ ಸಾಲಿಗೆ ತಾನಾಗಿ ಬಂದು ಸೇರಿಕೊಂಡಿರುವ ಅನಿಮೇಶನ್ ವಿದ್ಯಾರ್ಥಿಯೂ ಅಷ್ಟೇ ಎಚ್ಚರದ ಅಧ್ಯಯನಕ್ಕೆ ಅರ್ಹನಾದವನು. ಅನಿಮೇಶನ್ ಎಂದರೆ, ಒಂದಕ್ಕಿಂತ ಒಂದು ತುಸುವೇ ಬೇರೆಯಾದ ಚಿತ್ರಗಳನ್ನು ಸೆಕೆಂಡಿಗೆ 24ರಂತೆ ಕಣ್ಣ ಮುಂದೆ ಓಡಿಸಿ, ಜೀವವಿಲ್ಲದ್ದು ಚಲಿಸುತ್ತಿದೆಯೆಂದು ನೋಡುವವರನ್ನು ನಂಬಿಸುವ ಕಲೆ. ಈ ವಿದ್ಯಾರ್ಥಿಯು ತಾನು ಓದುತ್ತಿದ್ದೇನೆಂದು ಮೊದಲು ಮನೆಯವರನ್ನು ನಂಬಿಸಬೇಕಾಗಿರುವುದರಿಂದ, ಅವನ ಪ್ರತಿಭೆಯ ಅರ್ಧ ಭಾಗ ಆ ಪೂರ್ವಸಿದ್ಧತೆಯಲ್ಲಿಯೇ ಖರ್ಚಾಗುತ್ತದೆ.

ಅವನನ್ನು ಗುರುತಿಸುವುದು ಕಷ್ಟವೇನಲ್ಲ. ತಾನೇ ಓದಲಾರದ ಜಪಾನೀ ಅಕ್ಷರಗಳಿರುವ ಕಪ್ಪು ಟೀ ಶರ್ಟು, ಬೆನ್ನಿನ ಮೇಲೆ ಊರಿನ ಬೇರೆ ಯಾವ ವಿದ್ಯಾರ್ಥಿಯ ಬಳಿಯೂ ಇಲ್ಲದಷ್ಟು ಅಗಲದ ಚೀಲ, ಅದರೊಳಗೆ ಪೆನ್ ಟ್ಯಾಬ್ಲೆಟ್, ಅಂದರೆ ಬರೆದದ್ದು ತನ್ನ ಮೇಲೆ ಮೂಡದೆ ಕಂಪ್ಯೂಟರಿನ ಪರದೆಯ ಮೇಲೆ ಮೂಡುವ ಹಲಗೆ, ಇವು ಬಾಹ್ಯ ಲಕ್ಷಣಗಳು. ಈ ಹಲಗೆ ಮನೆಗೆ ಬಂದ ದಿನ ಅಜ್ಜಿಯು ಅದರ ಮೇಲೆ ಕಡ್ಡಿಯಿಂದ ಗೀಚಿ, ಏನೂ ಕಾಣದಿದ್ದಾಗ "ಬರ್ದಿದ್ದು ಎಲ್ಲೋಯ್ತೋ?" ಎಂದು ಕೇಳಿರುತ್ತಾರೆ; ಆ ಪ್ರಶ್ನೆಗೆ ತೃಪ್ತಿಕರವಾದ ಉತ್ತರ ಇನ್ನೂ ಬಾಕಿ ಇದೆ.

ಈ ಕೋರ್ಸನ್ನು ಆರಿಸಿಕೊಂಡ ಬಗೆಯೂ ಬಹುಮಟ್ಟಿಗೆ ಏಕರೂಪದ್ದು. ಪಿಯುಸಿಯಲ್ಲಿ ವಿಜ್ಞಾನವನ್ನೇ ತೆಗೆದುಕೊಂಡು, ಭೌತಶಾಸ್ತ್ರದ ನೋಟ್ಸಿನ ಅಂಚುಗಳಲ್ಲಿ ಉಪನ್ಯಾಸಕರ ಮೂಗನ್ನು ಬರೆದು, ಆ ಮೂಗಿಗೆ ಸಹಪಾಠಿಗಳಿಂದ ದೊರೆತ ಮನ್ನಣೆ ಅಂಕಪಟ್ಟಿಯಲ್ಲಿ ದೊರೆತದ್ದಕ್ಕಿಂತ ಹೆಚ್ಚಾಗಿದ್ದುದನ್ನು ಗಮನಿಸಿ ಅವನು ತನ್ನ ಮಾರ್ಗವನ್ನು ನಿಶ್ಚಯಿಸಿಕೊಂಡಿರುತ್ತಾನೆ. ಆದರೆ ವಿಶ್ವೇಶ್ವರಯ್ಯನವರ ಮುದ್ದೇನಹಳ್ಳಿ ಕೂಗಳತೆಯಲ್ಲಿರುವ ಸೀಮೆಯಲ್ಲಿ ಎಂಜಿನಿಯರಿಂಗನ್ನು ಬಿಟ್ಟು ಬೇರೆಯದನ್ನು ಓದುವುದೆಂದರೆ ಪೂರ್ವಜರಿಗೆ ಮಾಡಿದ ಅಪಚಾರವೆಂಬ ಭಾವನೆ ಬಂಧುವರ್ಗದಲ್ಲಿ ಇನ್ನೂ ಬಲವಾಗಿದೆ. ಆದ್ದರಿಂದ ಮದುವೆಮನೆಯ ಊಟದ ಪಂಕ್ತಿಯಲ್ಲಿ "ಏನ್ ಓದ್ತಾವ್ನೆ ನಿಮ್ ಹುಡ್ಗ?" ಎಂದು ಯಾರಾದರೂ ಕೇಳಿದರೆ, ತಂದೆಯು "ಕಂಪ್ಯೂಟ್ರು" ಎಂಬ ಒಂದೇ ಪದದಲ್ಲಿ ಉತ್ತರಿಸಿ, ಮುಂದಿನ ಪ್ರಶ್ನೆ ಬರುವ ಮೊದಲೇ ಸಾರಿಗೆ ಕೈ ತೋರಿಸುತ್ತಾರೆ. ಹೆಣ್ಣುಮಗಳಾದರೆ ಇದೇ ವಾದವನ್ನು ಎರಡು ಸಲ ಗೆಲ್ಲಬೇಕಾಗುತ್ತದೆ, ಒಮ್ಮೆ ಕೋರ್ಸಿಗಾಗಿ, ಇನ್ನೊಮ್ಮೆ ಬೆಂಗಳೂರಿನ ಪಿಜಿಗಾಗಿ. ಇಷ್ಟನ್ನು ಗೆದ್ದು ಬಂದವಳು ತರಗತಿಯಲ್ಲಿ ಹೊತ್ತು ಹಾಳುಮಾಡದಿರುವುದರಿಂದ ಹಾಸ್ಯಕ್ಕೆ ಅಷ್ಟಾಗಿ ಒದಗುವುದಿಲ್ಲ.

ತಂದೆಯನ್ನು ಒಪ್ಪಿಸಲು ವಿದ್ಯಾರ್ಥಿಯು ಸರ್ಕಾರವನ್ನೇ ಸಾಕ್ಷಿಗೆ ಕರೆದಿರುತ್ತಾನೆ. ಅನಿಮೇಶನ್, ದೃಶ್ಯಪರಿಣಾಮ, ಗೇಮಿಂಗ್ ಮತ್ತು ಕಾಮಿಕ್ಸ್ ಎಂಬ ನಾಲ್ಕನ್ನೂ ಒಂದೇ ಕಂತೆ ಕಟ್ಟಿ ಎವಿಜಿಸಿ ಎಂದು ಕರೆಯುವ ಉದ್ಯಮಕ್ಕೆ ಕರ್ನಾಟಕವು 2012ರಲ್ಲಿಯೇ ಪ್ರತ್ಯೇಕ ನೀತಿಯನ್ನು ರೂಪಿಸಿತೆಂಬುದೂ, 2024ರಿಂದ 2029ರವರೆಗಿನ ಮೂರನೆಯ ನೀತಿ ಈಗ ಜಾರಿಯಲ್ಲಿದೆಯೆಂಬುದೂ ಅವನಿಗೆ ಕಂಠಪಾಠವಾಗಿದ್ದು, ನೀತಿಯೆಂದರೆ ನೌಕರಿಯೆಂಬ ಅರ್ಥ ಬರುವಂತೆ ಅದನ್ನು ನಿರೂಪಿಸುವ ಕೌಶಲವೂ ಅವನಿಗೆ ಸಿದ್ಧಿಸಿದೆ. ಈ ಮೂರೂ ನೀತಿಗಳ ಸುದ್ದಿ ತಲುಪದಿದ್ದ ತಂದೆಗೆ, 2025ರ ಫೆಬ್ರವರಿಯಲ್ಲಿ ಟೆಕ್ನಿಕಲರ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ ಕುಸಿದು ಅದರ ಬೆಂಗಳೂರು ಘಟಕಗಳ ಬಾಗಿಲು ಮುಚ್ಚಿದ ಸುದ್ದಿ ಮಾತ್ರ, ಟೀ ಅಂಗಡಿಯ ಹಿತೈಷಿಗಳ ಮುಖಾಂತರ, ಅದೇ ವಾರ ತಲುಪಿತು. ಕೆಟ್ಟ ಸುದ್ದಿಯ ಸೆಕೆಂಡಿನಲ್ಲಿ ಚಿತ್ರಗಳ ಸಂಖ್ಯೆ ಯಾವಾಗಲೂ ತುಸು ಹೆಚ್ಚು.

ತರಗತಿಯಲ್ಲಿ ಮೊದಲು ಕೊಡುವ ಕೆಲಸ ಒಂದು ಚೆಂಡು. ಮೇಲಿಂದ ಬಿದ್ದು, ನೆಲ ಮುಟ್ಟಿ, ಪುಟಿದು, ಕ್ರಮೇಣ ನಿಲ್ಲುವ ಸಾಮಾನ್ಯ ಚೆಂಡನ್ನು ಬರೆಯುವುದು ಪ್ರಪಂಚದ ಎಲ್ಲ ಅನಿಮೇಶನ್ ಶಾಲೆಗಳಲ್ಲಿಯೂ ಅಕ್ಷರಾಭ್ಯಾಸದ ಸ್ಥಾನದಲ್ಲಿದೆ. ಡಿಸ್ನಿ ಸ್ಟುಡಿಯೊದ ಹಿರಿಯ ಕಲಾವಿದರಾದ ಫ್ರಾಂಕ್ ಥಾಮಸ್ ಮತ್ತು ಆಲಿ ಜಾನ್‌ಸ್ಟನ್ ಅವರು 1981ರ ತಮ್ಮ ಗ್ರಂಥದಲ್ಲಿ ಈ ಕಲೆಯ 12 ಸೂತ್ರಗಳನ್ನು ವಿವರಿಸಿದ್ದು, ಅವುಗಳಲ್ಲಿ ಮೊದಲನೆಯದಾದ ಸ್ಕ್ವಾಶ್ ಅಂಡ್ ಸ್ಟ್ರೆಚ್, ಅಂದರೆ ನೆಲಕ್ಕೆ ಬಡಿದಾಗ ಚಪ್ಪಟೆಯಾಗಿ ಮೇಲೇರುವಾಗ ಉದ್ದವಾದರೂ ವಸ್ತುವಿನ ಒಟ್ಟು ಗಾತ್ರ ಬದಲಾಗದಿರುವುದು, ಈ ಚೆಂಡಿನಿಂದಲೇ ಕಲಿಯಬೇಕಾದದ್ದು. ಡ್ರ್ಯಾಗನ್ನುಗಳನ್ನು ಹಾರಿಸಬೇಕೆಂದು ಶುಲ್ಕ ಕಟ್ಟಿ ಬಂದವನಿಗೆ ಇದು ಅವಮಾನವಾಗಿ ತೋರುತ್ತದೆ. ಅವನ ಚೆಂಡು ಅದಕ್ಕೆ ತಕ್ಕಂತೆ ಲಿಫ್ಟಿನ ಹಾಗೆ ಒಂದೇ ವೇಗದಲ್ಲಿ ಇಳಿದು, ಇಳಿದಷ್ಟೇ ಎತ್ತರಕ್ಕೆ ಏರಿ, ಪರದೆ ಆರಿಸುವವರೆಗೂ ನಿಲ್ಲದೆ ಪುಟಿಯುತ್ತಿದ್ದು, ಅಧ್ಯಾಪಕರು ಇದಕ್ಕೆ ತೂಕವೇ ಇಲ್ಲವಲ್ಲ ಎಂದರೆ, ಅದು ತನ್ನ ಶೈಲಿಯೆಂದು ಅವನು ಗಂಭೀರವಾಗಿ ನಿವೇದಿಸುತ್ತಾನೆ. ತಪ್ಪೊಂದು ಪುನರಾವರ್ತನೆಯಾದಾಗ ಅದನ್ನು ಶೈಲಿಯೆಂದು ಕರೆಯುವ ಪದ್ಧತಿ ಸಾಹಿತ್ಯಕ್ಷೇತ್ರದಲ್ಲಿಯೂ ಇರುವುದರಿಂದ ಇದಕ್ಕಾಗಿ ಅವನೊಬ್ಬನನ್ನೇ ದೂರುವಂತಿಲ್ಲ.

ಸೃಜನಶೀಲತೆಯು ಉಪಕರಣಗಳಲ್ಲಿ ವಾಸಿಸುತ್ತದೆಂಬುದು ಅವನ ದೃಢವಾದ ನಂಬಿಕೆ. ಚೆಂಡು ಸರಿಯಾಗಿ ಪುಟಿಯದಿರುವುದಕ್ಕೆ ಗ್ರಾಫಿಕ್ಸ್ ಕಾರ್ಡಿನ ಶಕ್ತಿ ಸಾಲದಿರುವುದೇ ಕಾರಣವೆಂದು ತಂದೆಗೆ ಮನವರಿಕೆ ಮಾಡಿಕೊಟ್ಟು, ಒಂದು ಬೆಳೆ ರೇಷ್ಮೆಗೂಡಿನ ಹಣದಲ್ಲಿ ಹೊಸ ಲ್ಯಾಪ್‌ಟಾಪ್ ತಂದಿರುತ್ತಾನೆ. ಈ ವಾದಕ್ಕೆ ದೊಡ್ಡ ಪೆಟ್ಟು ಬಿದ್ದದ್ದು 2025ರಲ್ಲಿ. ಲಾಟ್ವಿಯಾದ ನಿರ್ದೇಶಕ ಗಿಂಟ್ಸ್ ಝಿಲ್ಬಲೋಡಿಸ್ ಅವರು ಬ್ಲೆಂಡರ್ ಎಂಬ, ಯಾರು ಬೇಕಾದರೂ ಹಣ ಕೊಡದೆ ಇಳಿಸಿಕೊಳ್ಳಬಹುದಾದ ತಂತ್ರಾಂಶದಲ್ಲಿ ತಯಾರಿಸಿದ, ಒಂದು ಕಪ್ಪು ಬೆಕ್ಕಿನ ಪಯಣವನ್ನು ಮಾತಿಲ್ಲದೆ ಹೇಳುವ 'ಫ್ಲೋ' ಚಿತ್ರಕ್ಕೆ ಆಸ್ಕರ್ ದೊರೆತಾಗ, ಸಲಕರಣೆಯ ಕೊರತೆಯೆಂಬ ನೆಪವು ಜಗತ್ತಿನ ಎಲ್ಲ ಅನಿಮೇಶನ್ ವಿದ್ಯಾರ್ಥಿಗಳಿಂದ ಏಕಕಾಲದಲ್ಲಿ ಕಿತ್ತುಹೋಯಿತು. ಆ ನಿರ್ದೇಶಕರು ಅದಕ್ಕೂ ಮೊದಲು 2019ರಲ್ಲಿ 'ಅವೇ' ಎಂಬ ಪೂರ್ಣಪ್ರಮಾಣದ ಚಿತ್ರವನ್ನು ಒಬ್ಬರೇ ಮಾಡಿ ಮುಗಿಸಿದ್ದರೆಂಬ ಸಂಗತಿಯಂತೂ ಗುಂಪಿನ ಯೋಜನೆಯಲ್ಲಿ ಮಿಕ್ಕವರು ಕೆಲಸ ಮಾಡಲಿಲ್ಲವೆಂಬ ಎರಡನೆಯ ನೆಪಕ್ಕೂ ಮಾರಕವಾದದ್ದು. ಚಿಕ್ಕಬಳ್ಳಾಪುರದ ವಿದ್ಯಾರ್ಥಿಯು ಈ ವಿಷಯವನ್ನು ಎಲ್ಲರಿಗೂ ಹೆಮ್ಮೆಯಿಂದ ಹೇಳುತ್ತಾನೆ. ಬ್ಲೆಂಡರನ್ನು ಇಳಿಸಿಕೊಂಡೂ ಇದ್ದಾನೆ. ಅದರ ಹೊಸ ಆವೃತ್ತಿ ಬಂದಾಗಲೆಲ್ಲ ಮತ್ತೆ ಇಳಿಸಿಕೊಳ್ಳುತ್ತಾನೆ.

ಇನ್ನು ಅವನ ಕಲ್ಪನಾಲೋಕದ ಭೂಗೋಳ. ಚಿಂತಾಮಣಿಯ ವಿದ್ಯಾರ್ಥಿಯಾಗಲಿ, ಗೌರಿಬಿದನೂರಿನವನಾಗಲಿ, ಬರೆಯುವ ಕಿರುಚಿತ್ರದ ಕಥೆಯಲ್ಲಿ ಟೋಕಿಯೊದ ರೈಲು ನಿಲ್ದಾಣವೊಂದರಲ್ಲಿ ಮಳೆ ಸುರಿಯುತ್ತಿರುತ್ತದೆ, ಕೊಡೆ ಹಿಡಿದ ಹುಡುಗಿಯೊಬ್ಬಳು ನಿಂತಿರುತ್ತಾಳೆ, ಚೆರ್ರಿ ಹೂವಿನ ಎಸಳುಗಳು ಮಳೆಯನ್ನೂ ಲೆಕ್ಕಿಸದೆ ತೇಲುತ್ತಿರುತ್ತವೆ. ಕೆರೆಗಳು ಕೋಡಿ ಬಿದ್ದರೆ ಪೂಜೆ ಮಾಡುವ ಬಯಲುಸೀಮೆಯಲ್ಲಿ ಹುಟ್ಟಿದವನಿಗೆ ಮಳೆಯ ಮೇಲೆ ಇಷ್ಟು ಆಸೆ ಇರುವುದು ಸಹಜವೇ. ಆದರೆ ಅದಕ್ಕೆ ಟೋಕಿಯೊವರೆಗೆ ಹೋಗಬೇಕಾದ ಅಗತ್ಯ ಸ್ಪಷ್ಟವಿಲ್ಲ. ಅವನ ಆರಾಧ್ಯರಾದ, ಜಪಾನಿನ ಅನಿಮೇಶನ್ ನಿರ್ದೇಶಕ ಹಯಾವೊ ಮಿಯಾಝಾಕಿಯವರು 1988ರ 'ಟೊಟೊರೊ' ಚಿತ್ರದ ಕಾಡನ್ನು ಕಂಡುಕೊಂಡದ್ದು ತಾವು ವಾಸಿಸುತ್ತಿದ್ದ ಟೊಕೊರೊಝಾವಾದ ಬಳಿಯ ಸಯಾಮಾ ಗುಡ್ಡಗಳಲ್ಲಿ ಎಂಬುದು ಅವನಿಗೆ ಗೊತ್ತಿದೆ, ಆ ಗುಡ್ಡಗಳನ್ನು ಅವನು ನಕ್ಷೆಯಲ್ಲಿ ತೋರಿಸಬಲ್ಲ. ತನ್ನ ಮನೆಯ ಮಾಳಿಗೆಯಿಂದ ಕಾಣುವ ಅಂಬಾಜಿದುರ್ಗದ ಬಂಡೆಗಳನ್ನು ಮಾತ್ರ ಚಿಂತಾಮಣಿಯವನು ಈವರೆಗೆ ಬರೆದಿಲ್ಲ, ಏಕೆಂದರೆ ಅವುಗಳ ಹಿನ್ನೆಲೆಯಲ್ಲಿ ಮೊಬೈಲ್ ಟವರ್ ಇದೆ. ಗೌರಿಬಿದನೂರಿನವನ ಕಥೆ ಅಂತರಿಕ್ಷದ್ದಾದರೆ ಅದರ ಸಂಕೇತಗಳನ್ನು ಗ್ರಹಿಸುವ ಕೇಂದ್ರ ತಪ್ಪದೆ ಅಮೆರಿಕದ ಮರುಭೂಮಿಯಲ್ಲಿರುತ್ತದೆ. 1976ರಿಂದ ತನ್ನದೇ ತಾಲ್ಲೂಕಿನ ಹೊಲಗಳ ನಡುವೆ ಆಂಟೆನಾಗಳ ಸಾಲು ನೆಟ್ಟುಕೊಂಡು ಸೂರ್ಯನಿಂದಲೂ ನಕ್ಷತ್ರಲೋಕದಿಂದಲೂ ಬರುವ ರೇಡಿಯೊ ಅಲೆಗಳಿಗೆ ಕಿವಿಗೊಟ್ಟಿರುವ ವೀಕ್ಷಣಾಲಯವು, ಶಾಲೆಯಿಂದ ಒಮ್ಮೆ ಕರೆದೊಯ್ದ ಕಾರಣಕ್ಕೆ, ಅವನ ದೃಷ್ಟಿಯಲ್ಲಿ ಪಠ್ಯಪುಸ್ತಕದ ಪಾಲಾಗಿಹೋಗಿದೆ.

ನಡಿಗೆಯ ಪಾಠ ಬಂದಾಗ ಈ ದೂರದೃಷ್ಟಿ ಇನ್ನಷ್ಟು ಢಾಳಾಗಿ ಕಾಣುತ್ತದೆ. ವಾಕ್ ಸೈಕಲ್ ಎಂದರೆ ಎರಡು ಹೆಜ್ಜೆಗಳನ್ನು ಮಾತ್ರ ಬರೆದು, ಅವನ್ನೇ ಮತ್ತೆ ಮತ್ತೆ ಓಡಿಸಿ, ಪಾತ್ರವು ಎಷ್ಟು ದೂರ ಬೇಕಾದರೂ ನಡೆಯುವಂತೆ ಮಾಡುವ ಉಪಾಯ. ಭಾರ ಹೊತ್ತವನ ನಡಿಗೆಯನ್ನು ಬರೆದು ತರಲು ಹೇಳಿದಾಗ, ವಿದ್ಯಾರ್ಥಿಯು ಯೂಟ್ಯೂಬಿನಲ್ಲಿ ಕ್ಯಾಲಿಫೋರ್ನಿಯಾದ ನಟನೊಬ್ಬ ಖಾಲಿ ಪೆಟ್ಟಿಗೆಯನ್ನು ಭಾರವೆಂಬಂತೆ ಹೊತ್ತು ನಡೆಯುವ ವಿಡಿಯೊವನ್ನು ಹುಡುಕಿ, ಅದನ್ನು ಚೌಕಟ್ಟು ಚೌಕಟ್ಟಾಗಿ ನಿಲ್ಲಿಸಿ ನಕಲು ಮಾಡುತ್ತಾನೆ. ಇದನ್ನು ಮಾಡುತ್ತಿರುವುದು ಚಿಂತಾಮಣಿಯ ಎಪಿಎಂಸಿ ಯಾರ್ಡಿನ ಎದುರಿನ ಕೊಠಡಿಯಲ್ಲಿ. ಕಿಟಕಿಯ ಹೊರಗೆ ಹಮಾಲಿಯೊಬ್ಬರು ಟೊಮೆಟೊ ಕ್ರೇಟನ್ನು ಲಾರಿಗೆ ಎಸೆಯುವ ಮುನ್ನ ಮೊಣಕಾಲು ಬಾಗಿಸಿ, ಮೈಯನ್ನು ಹಿಂದಕ್ಕೆ ಎಳೆದು, ಒಂದು ಕ್ಷಣ ತಡೆದು, ಅನಂತರ ಎಸೆಯುತ್ತಾರೆ. ಆಂಟಿಸಿಪೇಶನ್, ಅಂದರೆ ಪ್ರತಿಯೊಂದು ಕ್ರಿಯೆಗೂ ಮುನ್ನ ಅದರ ವಿರುದ್ಧ ದಿಕ್ಕಿನಲ್ಲಿ ನಡೆಯುವ ಸಣ್ಣ ಸನ್ನಾಹ, ಎಂಬ ಎರಡನೆಯ ಸೂತ್ರ ಅಲ್ಲಿ ಬೆಳಗಿನಿಂದ ನೂರಾರು ಸಲ ಪ್ರದರ್ಶಿತವಾಗುತ್ತಿದ್ದು, ಅದರ ಗಲಾಟೆ ತಡೆಯಲಾರದೆ ಅವನು ಕಿಟಕಿಯನ್ನು ಮುಚ್ಚಿರುತ್ತಾನೆ.

ಶಿಡ್ಲಘಟ್ಟದ ಕಡೆಯ ವಿದ್ಯಾರ್ಥಿಯ ಪರಿಸ್ಥಿತಿ ಇದಕ್ಕಿಂತ ಸ್ವಾರಸ್ಯಕರ, ಏಕೆಂದರೆ ಅವನಿಗೆ ಮುಚ್ಚಲು ಕಿಟಕಿಯೂ ಇಲ್ಲ. ಹುಳುಮನೆಯ ಪಕ್ಕದ ಕೋಣೆಯೇ ಅವನ ಸ್ಟುಡಿಯೊ. ರೇಷ್ಮೆಹುಳುವು ಗೂಡು ಕಟ್ಟುವ ಮೊದಲು ನಾಲ್ಕು ಸಲ ಚರ್ಮ ಕಳಚುತ್ತದೆ. ಬೆಳೆಗಾರರು ಇದನ್ನು ಜ್ವರವೆನ್ನುತ್ತಾರೆ, ಮತ್ತು ಜ್ವರಕ್ಕೆ ಕೂತ ಹುಳು ಸೊಪ್ಪನ್ನು ಮುಟ್ಟದೆ ತಲೆಯೆತ್ತಿ ಅಲ್ಲಾಡದೆ ಇರುತ್ತದೆ. ಪಾತ್ರವನ್ನು ಹೀಗೆ ಒಂದೇ ಭಂಗಿಯಲ್ಲಿ ನಿಲ್ಲಿಸಿಯೂ ಅದು ಸತ್ತಂತೆ ಕಾಣದಿರುವಂತೆ ಮಾಡುವುದಕ್ಕೆ ಅನಿಮೇಶನ್ನಿನಲ್ಲಿ ಮೂವಿಂಗ್ ಹೋಲ್ಡ್ ಎಂಬ ಹೆಸರಿದ್ದು, ಅದು ಪಳಗಿದವರಿಗೂ ಕೈಕೊಡುವ ವಿದ್ಯೆ. ನಾಲ್ಕನೆಯ ಜ್ವರ ಕಳೆದ ಹುಳುಗಳು ಒಂದು ವಾರದ ಮಟ್ಟಿಗೆ ಸೊಪ್ಪನ್ನು ಸದ್ದು ಮಾಡುತ್ತ ತಿಂದು, ಹಣ್ಣಾಗಿ, ಚಂದ್ರಿಕೆಯೆಂಬ ಬಿದಿರಿನ ತಟ್ಟೆಗೆ ಏರಿದ ಮೇಲೆ, ತಲೆಯನ್ನು ಎಂಟರ ಆಕಾರದಲ್ಲಿ ಆಡಿಸುತ್ತ ನೂಲು ಸುತ್ತತೊಡಗುತ್ತವೆ. ಎರಡು ಮೂರು ದಿನ ಆ ಚಲನೆ ನಡೆದು, ಒಂದೊಂದು ಹುಳುವೂ ನೂರಾರು ಮೀಟರು ಉದ್ದದ ಒಂದೇ ಎಳೆಯನ್ನು ತನ್ನ ಸುತ್ತಲೂ ಕಟ್ಟಿಕೊಳ್ಳುತ್ತದೆ. ಸಾವಿರಾರು ಅನಿಮೇಟರುಗಳು ಸಾಲಾಗಿ ಕುಳಿತು, ಗೊಣಗದೆ, ಗಡುವಿಗೆ ಸರಿಯಾಗಿ, ಲೂಪ್ ಎಂಬ ಪುನರಾವರ್ತನೆಯ ಚಲನೆಯನ್ನು ಮಾಡಿ ಮುಗಿಸುತ್ತಿರುವ ಆ ಮನೆಯಲ್ಲಿ, ಪಕ್ಕದ ಕೋಣೆಯವನು ಲೂಪ್ ಮಾಡುವುದು ಹೇಗೆಂಬ ಪಾಠವನ್ನು ಹಣ ತೆತ್ತು ನೋಡುತ್ತಿರುತ್ತಾನೆ. ಸೊಪ್ಪು ಹಾಕಲು ತಾಯಿ ಕರೆದರೆ, "ಅಮ್ಮಾ, ರೆಂಡರ್ ಹಾಕಿದ್ದೀನಿ" ಎಂಬ ಉತ್ತರ ಬರುತ್ತದೆ.

ರೆಂಡರ್ ಎಂದರೆ, ಬೆಳಕು, ನೆರಳು, ಬಣ್ಣ ಎಲ್ಲವನ್ನೂ ಲೆಕ್ಕ ಹಾಕಿ ಕಂಪ್ಯೂಟರು ಅಂತಿಮ ಚಿತ್ರಗಳನ್ನು ಒಂದೊಂದಾಗಿ ತಯಾರಿಸುವ ಕ್ರಿಯೆ. ಹತ್ತು ಸೆಕೆಂಡಿನ ದೃಶ್ಯಕ್ಕೆ 240 ಚಿತ್ರಗಳಾಗುವುದರಿಂದ ಅದು ರಾತ್ರಿಯಿಡೀ ನಡೆಯಬಹುದು, ಮತ್ತು ಆ ಹೊತ್ತಿನಲ್ಲಿ ಮನುಷ್ಯನು ಮಾಡಬೇಕಾದದ್ದು ಏನೂ ಇಲ್ಲದ ಕಾರಣ ವಿದ್ಯಾರ್ಥಿಯು ಅದನ್ನು ತನ್ನ ಅತ್ಯಂತ ಶ್ರಮದ ಅವಧಿಯೆಂದು ಪರಿಗಣಿಸುತ್ತಾನೆ. ಬೆಳಗಿನ ಜಾವ ಕರೆಂಟು ಹೋಗಿ 200ನೆಯ ಚಿತ್ರಕ್ಕೆ ಕೆಲಸ ನಿಂತಾಗ ಅವನು ಪಡುವ ದುಃಖ ಪ್ರಾಮಾಣಿಕವಾದದ್ದೇ. ಈ ಯಂತ್ರದಿಂದ ಹೊರಡುವ ಬಿಸಿಯನ್ನು ಗಮನಿಸಿದ ತಾಯಿ, ಚಳಿಗಾಲದಲ್ಲಿ ಅದನ್ನು ಚಾಕಿ ಕೋಣೆಯಲ್ಲಿ, ಅಂದರೆ ಎಳೆಯ ಹುಳುಗಳನ್ನು 27–28 ಡಿಗ್ರಿಯ ಬೆಚ್ಚಗಿನಲ್ಲಿ ಸಾಕುವ ಕೋಣೆಯಲ್ಲಿ, ಇಡಬಹುದಲ್ಲವೇ ಎಂದು ಒಮ್ಮೆ ಸೂಚಿಸಿದ್ದುಂಟು. ಕೋರ್ಸಿನಿಂದ ಮನೆಗೆ ಆಗಬಹುದಾದ ಉಪಯೋಗದ ಬಗ್ಗೆ ಕುಟುಂಬದಲ್ಲಿ ನಡೆದ ಏಕೈಕ ಆಶಾದಾಯಕ ಚರ್ಚೆ ಅದು.

ಗೌರಿಬಿದನೂರಿನಿಂದ ಉತ್ತರಕ್ಕೆ ಹೋಗುವ ರೈಲು ಹಿಡಿದರೆ ಸಿಗುವ ಧರ್ಮಾವರದ ಸಮೀಪದಲ್ಲಿ ನಿಮ್ಮಲಕುಂಟ ಎಂಬ ಹಳ್ಳಿ ಇದೆ. ತಲೆ, ತೋಳು, ಮುಂಗೈಗಳನ್ನು ಬೇರೆ ಬೇರೆ ಕತ್ತರಿಸಿ, ಕೀಲುಗಳಲ್ಲಿ ದಾರದಿಂದ ಪೋಣಿಸಿ, ದೀಪದ ಮುಂದೆ ಆಡಿಸುವ ತೊಗಲುಬೊಂಬೆಯ ಕುಟುಂಬಗಳು ಅಲ್ಲಿವೆ, ಅವರಲ್ಲಿ ದಳವಾಯಿ ಚಲಪತಿರಾವ್ ಅವರಿಗೆ 2020ರಲ್ಲಿ ಪದ್ಮಶ್ರೀ ಬಂದಿದೆ. ಗಣಕದ ಪಾತ್ರದೊಳಗೆ ಇದೇ ರೀತಿ ಮೂಳೆ, ಕೀಲುಗಳನ್ನು ಕೂರಿಸುವುದಕ್ಕೆ ರಿಗ್ಗಿಂಗ್ ಎನ್ನುತ್ತಾರೆ. ವಿದ್ಯಾರ್ಥಿಯು ರಿಗ್ಗಿಂಗ್ ಕಲಿಯಲು ಅದೇ ಹಳಿಯ ಮೇಲೆ ದಕ್ಷಿಣಕ್ಕೆ ಹೋಗುತ್ತಾನೆ.

ಇಂತಹವನಿಗೆ ವಿದ್ಯೆ ಕಡೆಗೂ ಹತ್ತುವುದು, ಅವನು ವಿದ್ಯೆಯೆಂದೇ ಪರಿಗಣಿಸದ ಕಡೆಯಿಂದ. ಊರು ಅವನಿಗೆ ಕೊಡುವ ಮೊದಲ ಕೆಲಸ ಸೋದರಮಾವನ ಮಗಳ ಮದುವೆಯ ವಾಟ್ಸಾಪ್ ಆಮಂತ್ರಣ. ಅದರಲ್ಲಿ ಗಣಪತಿಯ ಕಿವಿ ಅಲ್ಲಾಡಬೇಕು, ಕಳಶದಿಂದ ಹೂವು ಉದುರಬೇಕು, ಎರಡೂ ಕಡೆಯ ಹಿರಿಯರ ಹೆಸರುಗಳು ದಪ್ಪ ಅಕ್ಷರದಲ್ಲಿ ಬರಬೇಕು. ಕಲಾವಿದನಾದ ತನ್ನನ್ನು ಇಂತಹದ್ದಕ್ಕೆ ಕರೆದರಲ್ಲಾ ಎಂದು ಬೇಸರಪಟ್ಟು, ಸೇಡು ತೀರಿಸಿಕೊಳ್ಳುವಂತೆ ಕೊನೆಯ ರಾತ್ರಿ ಕುಳಿತು, ಕಿವಿಯನ್ನು ಹೇಗೋ ಅಲ್ಲಾಡಿಸಿ, ಗಣಪತಿಯ ಇಲಿಯನ್ನೂ ಒಂದು ಸುತ್ತು ಓಡಿಸಿಬಿಡುತ್ತಾನೆ. ಆ ಇಲಿಯು ನಾಲ್ಕು ಹೆಜ್ಜೆ ಓಡಿ, ತಟ್ಟನೆ ನಿಂತು, ಮೂಗನ್ನು ಮಾತ್ರ ಅದುರಿಸಿ, ಬಂದ ದಿಕ್ಕಿಗೆ ಅರ್ಧ ತಿರುಗಿ, ಮತ್ತೆ ಗೋಡೆಯ ಅಂಚನ್ನೇ ಹಿಡಿದು ಓಡುತ್ತದೆ. ಇದಕ್ಕೆ ಕ್ಯಾಲಿಫೋರ್ನಿಯಾದ ವಿಡಿಯೊ ಯಾವುದೂ ಆಧಾರವಲ್ಲ. ಹುಳುಗಳಿಗೆ ಇಲಿ ಬೀಳುತ್ತದೆಂದು ಚಿಕ್ಕಂದಿನಿಂದ ರಾತ್ರಿಗಳಲ್ಲಿ ಟಾರ್ಚು ಹಿಡಿದು ಚಂದ್ರಿಕೆಯ ಬಳಿ ಕಾವಲಿಗೆ ಕೂರಿಸಲ್ಪಟ್ಟವನು ಬರೆದ ಇಲಿ ಅದು. ಅದಕ್ಕೆ ತೂಕವಿದೆ, ಭಯವಿದೆ, ಹಸಿವೂ ಇದೆ. ಆಮಂತ್ರಣವನ್ನು ನೋಡಿದ ಅಜ್ಜಿ "ಅಯ್ಯೋ, ಹೊಡೀರ್ಲಾ ಅದನ್ನ" ಎಂದು ಮೊಬೈಲನ್ನು ದೂರ ತಳ್ಳುತ್ತಾರೆ. ವಿಮರ್ಶೆ ಅಲ್ಲಿಗೆ ಮುಗಿಯಬೇಕಿತ್ತು.

ಆದರೆ ಮರುದಿನ ಬೆಳಿಗ್ಗೆ ಸೋದರಮಾವ ಫೋನ್ ಮಾಡಿ, "ಚೆನ್ನಾಗೈತೆ ಕಣಪ್ಪ, ಇಲಿ ಒಂಚೂರು ನಿಧಾನಕ್ಕೆ ಓಡ್ಲಿ, ಬೀಗರ ಹೆಸರು ಓದಕ್ಕೇ ಆಗ್ತಾ ಇಲ್ಲ, ಎಲ್ರೂ ಇಲೀನೇ ನೋಡ್ತಾವ್ರೆ" ಎನ್ನುತ್ತಾರೆ. ಮುಖ್ಯವಾದದ್ದರ ಮೇಲೆಯೇ ನೋಡುವವರ ಕಣ್ಣು ನಿಲ್ಲುವಂತೆ ದೃಶ್ಯವನ್ನು ಜೋಡಿಸಬೇಕೆಂಬುದು ಸ್ಟೇಜಿಂಗ್ ಎಂಬ ಮೂರನೆಯ ಸೂತ್ರ. ಸೋದರಮಾವ ಆ ಗ್ರಂಥವನ್ನು ಓದಿದವರಲ್ಲ. ವಿದ್ಯಾರ್ಥಿಯು ಕಲಾಸ್ವಾತಂತ್ರ್ಯದ ಬಗ್ಗೆ ತಾಯಿಯ ಎದುರು ದೀರ್ಘವಾಗಿ ಮಾತನಾಡಿ, ಸಂಜೆಯ ಹೊತ್ತಿಗೆ ಇಲಿಯನ್ನು ಬೀಗರ ಹೆಸರಿನ ಕೆಳಗೆ ಕೂರಿಸಿ, ಅದು ಅಲ್ಲಿ ಅಲ್ಲಾಡದೆ, ಮೂಗನ್ನಷ್ಟೇ ಅದುರಿಸುತ್ತ ಇರುವಂತೆ ತಿದ್ದಿಕೊಡುತ್ತಾನೆ. ಸಂಭಾವನೆಯಾಗಿ ಮಾವನ ತೋಟದಿಂದ ಒಂದು ಬಾಕ್ಸು ದ್ರಾಕ್ಷಿ ಬರುತ್ತದೆ. ಶೋರೀಲ್, ಅಂದರೆ ಕೆಲಸ ಕೇಳಲು ಹೋದಾಗ ತೋರಿಸುವ ಆಯ್ದ ದೃಶ್ಯಗಳ ಸಂಕಲನದಲ್ಲಿ, ಟೋಕಿಯೊದ ಮಳೆಯಾದ ಮೇಲೆ ಕಟ್ಟಕಡೆಗೆ, ಗಣಪತಿಯನ್ನೂ ಬೀಗರನ್ನೂ ಕತ್ತರಿಸಿ ತೆಗೆದ ಆ ಇಲಿ ಆರು ಸೆಕೆಂಡು ಕಾಣಿಸಿಕೊಳ್ಳುತ್ತದೆ. ಕೆಳಗೆ ಇಂಗ್ಲಿಷಿನಲ್ಲಿ 'ಕ್ರೀಚರ್ ಅನಿಮೇಶನ್, ಕ್ಲೈಂಟ್ ಪ್ರಾಜೆಕ್ಟ್' ಎಂದಿರುತ್ತದೆ.