ಕಲ್ಲಿನ ವರದಿಗೆ ಸಹಿ ಹಾಕುವವರಿಗೊಂದು ಬಹಿರಂಗ ಪತ್ರ

ಮಾನ್ಯ ಎಂಜಿನಿಯರರೇ,

ನಿಮ್ಮ ವರದಿಯ ಒಂದೇ ಸಾಲಿನ ಬಗ್ಗೆ ಬರೆಯುತ್ತಿದ್ದೇನೆ. ‘ಟೆನ್ಸೈಲ್ ಸ್ಟ್ರೆಂತ್: 9 ಮೆಗಾಪಾಸ್ಕಲ್.’ ಎಳೆತಕ್ಕೆ ಕಲ್ಲು ಎಷ್ಟು ತಾಳುತ್ತದೆ ಎಂದಿರಿ, ಯಾವ ದಿಕ್ಕಿಗೆ ಎಂದು ಬರೆದಿಲ್ಲ.

ನಮ್ಮೂರ ಗುಡಿಯ ಮುಖಮಂಟಪಕ್ಕೆ ಹೊಸ ತೊಲೆ ಬೇಕಾಗಿತ್ತು. ಕ್ವಾರಿಯಿಂದ ಕಲ್ಲು ಬಂದ ದಿನ ಹಿರಿಯ ಕಲ್ಲುಕುಟಿಗರೊಬ್ಬರು ಒಂದು ಚೊಂಬು ನೀರು ತಂದು ಅದರ ಮೇಲೆ ಸುರಿದರು. ಒಣಗಿದ್ದಾಗ ಬರೀ ಬೂದಿಯ ಬಣ್ಣ ಕಾಣುತ್ತಿದ್ದ ಮೈಯಲ್ಲಿ ಕಪ್ಪು ಬಿಳಿ ಪಟ್ಟೆಗಳು ಎದ್ದವು. ತೊಲೆಯ ಉದ್ದಕ್ಕಲ್ಲ, ಅಡ್ಡಕ್ಕೆ. ಅವರು ಒಂದು ಕಪ್ಪು ಗೆರೆಯನ್ನು ಹೆಬ್ಬೆರಳಿನಿಂದ ಸವರಿ, “ಇಲ್ಲಿ ಬಿಡುತ್ತೆ ಸ್ವಾಮಿ, ತೊಲೆಗೆ ಇದು ಬೇಡ” ಅಂದರು. ವರದಿಯಲ್ಲಿ 9 ಇತ್ತು, ತೊಲೆ ಮೇಲೇರಿತು. ಎರಡನೆಯ ಮಳೆಗಾಲ ಮುಗಿಯುವ ಮೊದಲೇ ಅದೇ ಗೆರೆಗುಂಟ ಕೆಳಗಿನಿಂದ ಸೀಳಿತು. ಪುಣ್ಯಕ್ಕೆ ಯಾರೂ ಅದರಡಿ ಕೂತಿರಲಿಲ್ಲ.

ನಾನೂ ಬಹಳ ವರ್ಷ ಕಲ್ಲನ್ನು ಒತ್ತಿ ಪರೀಕ್ಷಿಸುವ ಯಂತ್ರದ ಮುಂದೆ ನಿಂತವನು. ಕಲ್ಲನ್ನು ಹಿಡಿದೆಳೆದು ಪರೀಕ್ಷಿಸುವುದು ಕಷ್ಟ, ಹಿಡಿತದ ಬಳಿಯೇ ಮುರಿದುಬಿಡುತ್ತದೆ. ಅದಕ್ಕೇ ಬಿಲ್ಲೆ ಕೊಯ್ದು, ನಿಲ್ಲಿಸಿ, ಮೇಲಿಂದ ಕೆಳಗಿಂದ ಒತ್ತುತ್ತೇವೆ. ಒಳಗೆ ಅಡ್ಡಕ್ಕೆ ಎಳೆತ ಹುಟ್ಟಿ ಬಿಲ್ಲೆ ಎರಡು ಹೋಳಾಗುತ್ತದೆ. 54 ಮಿಲಿಮೀಟರ್ ವ್ಯಾಸ, 27 ದಪ್ಪದ ಬಿಲ್ಲೆ 20.6 ಕಿಲೋನ್ಯೂಟನ್ನಿಗೆ ಒಡೆದರೆ ಸೂತ್ರದ ಲೆಕ್ಕ ನಿಮ್ಮ 9ಕ್ಕೇ ಬಂದು ನಿಲ್ಲುತ್ತದೆ. ಇದಕ್ಕೆ ಬ್ರೆಜಿಲಿಯನ್ ಟೆಸ್ಟ್ ಎಂಬ ಹೆಸರು ಬಂದದ್ದು 1943ರಲ್ಲಿ ಇದನ್ನು ಮುಂದಿಟ್ಟ ಬ್ರೆಜಿಲ್ಲಿನ ರಿಯೊದ ಎಂಜಿನಿಯರ್ ಲೋಬೊ ಕಾರ್ನೇರೊ ಅವರಿಂದ. ಹೊಸ ರಸ್ತೆಗೆ ಅಡ್ಡ ಬಂದ ಹಳೆಯ ಚರ್ಚೊಂದನ್ನು ಕಾಂಕ್ರೀಟ್ ಉರುಳೆಗಳ ಮೇಲೆ ಸರಿಸುವ ಯೋಚನೆ ಆಗ ನಡೆದಿತ್ತು; ಆ ಉರುಳೆಗಳನ್ನು ಒತ್ತಿ ನೋಡುವಾಗಲೇ ಈ ಪರೀಕ್ಷೆ ಹೊಳೆದದ್ದು. ಕೊನೆಗೆ ಚರ್ಚನ್ನು ಕೆಡವಿದರು, ಪರೀಕ್ಷೆ ಉಳಿದುಕೊಂಡಿತು.

ಆದರೆ ಅದು ಹುಟ್ಟಿದ್ದು ಕಾಂಕ್ರೀಟಿಗೆ. ಕಾಂಕ್ರೀಟನ್ನು ಯಾವ ಕಡೆ ತಿರುಗಿಸಿ ಒತ್ತಿದರೂ ಹೆಚ್ಚುಕಡಿಮೆ ಒಂದೇ. ನಮ್ಮ ತೊಲೆಯ ಪಟ್ಟೆಗಲ್ಲು, ನೈಸ್, ಹಾಗಲ್ಲ. ಅದರ ಕಪ್ಪು ಪಟ್ಟೆಯಲ್ಲಿ ಕಾಗೆಬಂಗಾರದ ಹಾಳೆಗಳು ಒಂದೇ ಕಡೆ ಮಲಗಿರುತ್ತವೆ. ಪದರ ನೆಟ್ಟಗೆ ನಿಲ್ಲುವಂತೆ ಬಿಲ್ಲೆಯಿಟ್ಟು ಒತ್ತಿ ನೋಡಿ: ಕಡಿಮೆ ಭಾರಕ್ಕೇ, ಪುಸ್ತಕ ತೆರೆದ ಹಾಗೆ, ನುಣ್ಣಗೆ ಬಿಚ್ಚಿಕೊಳ್ಳುತ್ತದೆ. ಅದೇ ಕಲ್ಲು, ಪದರ ಅಡ್ಡ ಮಲಗಿಸಿ ಒತ್ತಿದರೆ, ಯಂತ್ರದ ಮುಳ್ಳು ಏರುತ್ತಲೇ ಹೋಗಿ ಕೋಣೆಯೆಲ್ಲ ಬೆಚ್ಚುವಂತೆ ಸಿಡಿಯುತ್ತದೆ. ಒಡೆದ ಮೈ ಒರಟು. ಓರೆಯಾಗಿಟ್ಟರೆ ಬಿರುಕು ಪದರ ಹಿಡಿದು ಸ್ವಲ್ಪ ದೂರ ಜಾರಿ, ಮೆಟ್ಟಿಲು ಇಳಿದಂತೆ ಪಕ್ಕಕ್ಕೆ ಹೊರಬೀಳುತ್ತದೆ. ಅದು ಬರೀ ಎಳೆತದ ಒಡಕಲ್ಲ. ಅದಕ್ಕೂ ಅದೇ ಸೂತ್ರ ಹಾಕುತ್ತಾರೆ ಎನ್ನುವುದೇ ನನ್ನ ಸಂಕಟ.

ಸೂತ್ರದಲ್ಲಿ ಭಾರ, ವ್ಯಾಸ, ದಪ್ಪ ಬಿಟ್ಟರೆ ಕಲ್ಲಿನ ಸ್ವಭಾವಕ್ಕೆ ಜಾಗವೇ ಇಲ್ಲ. ಎಲ್ಲ ದಿಕ್ಕಿಗೂ ಒಂದೇ ಆದ ವಸ್ತುವಿನ ಸ್ಥಿತಿಸ್ಥಾಪಕತೆ ಹೇಳಲು ಎರಡು ಅಂಕಿ ಸಾಕು. ಇಂಥ ಪದರದ ಕಲ್ಲಿಗೆ ಐದು ಬೇಕು. ಹಾಗಾಗಿ ಪದರದ ಕೋನ ಬದಲಾದಂತೆ ಕಲ್ಲಿನ ತಾಳಿಕೆಯಷ್ಟೇ ಅಲ್ಲ, ಬಿಲ್ಲೆಯ ನಡುವೆ ಹುಟ್ಟುವ ಎಳೆತವೂ ಬದಲಾಗುತ್ತದೆ. ಎರಡನ್ನೂ ಒಂದೇ ಅಂಕಿಯಲ್ಲಿ ಮುಚ್ಚಿಡುವುದು ತಪ್ಪು.

ನಿಮ್ಮ ಬಿಲ್ಲೆಗಳನ್ನೆಲ್ಲ ಪದರ ಅಡ್ಡ ಮಲಗಿಸಿಯೇ ಒತ್ತಿದ್ದರು ಎಂದು ಆಮೇಲೆ ತಿಳಿಯಿತು. ತೊಲೆಯಲ್ಲಿ ಎಳೆತ ಬೀಳುವುದು ಕೆಳಮೈಗೆ, ಉದ್ದಕ್ಕೆ. ನಮ್ಮ ತೊಲೆಯಲ್ಲಿ ಅದು ಪದರಗಳನ್ನೇ ಒಂದರಿಂದೊಂದು ಬಿಡಿಸುತ್ತಿತ್ತು. ಬೇಕಾಗಿದ್ದ ಅಂಕಿಯನ್ನು ಯಾರೂ ಅಳೆದೇ ಇರಲಿಲ್ಲ.

ಇನ್ನು ಮುಂದೆ ಒತ್ತುವ ಮೊದಲು ಬಿಲ್ಲೆಯ ಮೇಲೆ ಪದರದ ಗೆರೆ ಎಳೆಯಿರಿ, ಕೋನ ಬರೆಯಿರಿ, ಒಡೆದ ಮೇಲೆ ಫೋಟೊ ತೆಗೆದು ವರದಿಗೆ ಅಂಟಿಸಿ. ಕಲ್ಲು ಎಲ್ಲಿಗೆ ಹೋಗುತ್ತದೆ, ಹೇಗೆ ಕೂರುತ್ತದೆ ಎಂದು ಕೇಳಿ ಆಮೇಲೆ ಬಿಲ್ಲೆಗೆ ಕೋರ್ ತೆಗೆಯಿರಿ. ಈ ಪಟ್ಟೆಗಳನ್ನು ಕಣ್ಣಾರೆ ನೋಡಲು, ಬೆಂಗಳೂರಿನಲ್ಲಿದ್ದರೆ ಒಂದು ಬೆಳಿಗ್ಗೆ ಲಾಲ್‌ಬಾಗಿನ ಬಂಡೆ ಹತ್ತಿ. ಸುಮಾರು 300 ಕೋಟಿ ವರ್ಷದ ನೈಸ್ ಅದು.

ನಮ್ಮ ತೊಲೆಯ ಎರಡು ಹೋಳು ಗುಡಿಯ ಹಿಂದೆ ಬಿದ್ದಿವೆ. ಒಡೆದ ಮೈಯ ಕಾಗೆಬಂಗಾರ ಬಿಸಿಲಿಗೆ ಮಿರಮಿರ ಮಿನುಗುತ್ತದೆ. ಬನ್ನಿ, ಕಲ್ಲುಕುಟಿಗರನ್ನೂ ಕರೆಸುತ್ತೇನೆ.

ಇಂತಿ,
ಅದೇ ಯಂತ್ರದ ಮುಂದೆ ನಿಂತಿದ್ದವನು