ಅರ್ಜಿಯೊಳಗಿನ ಹಸು

ನಾಗಮಂಗಲ ಕಡೆಯ ನಮ್ಮೂರಲ್ಲಿ ಹಸುಗಳು ಹೆಚ್ಚಿವೆ. ಕೊಟ್ಟಿಗೆಯಲ್ಲಲ್ಲ, ಮೈಕ್ರೊಫೈನಾನ್ಸ್ ಸಂಘದ ಸಾಲದ ಅರ್ಜಿಗಳಲ್ಲಿ. ಡೇರಿಗೆ ಮಾತ್ರ ಹಾಲು ಹೆಚ್ಚಿಲ್ಲ.

ಪಕ್ಕದ ಮನೆಯಾಕೆಯನ್ನು ಕೇಳಿದೆ: ‘ಐವತ್ತು ಸಾವಿರದ ಹಸ ಎಲ್ಲವ್ವಾ?’ ಆಕೆ ಹೊಟ್ಟೆ ಮುಟ್ಟಿ ತೋರಿಸಿದಳು. ‘ಇಲ್ಲೇ ಐತೆ ಕಣಣ್ಣ.’ ಗರ್ಭಕೋಶದ ಆಪರೇಷನ್. ಹಸು ನರ್ಸಿಂಗ್ ಹೋಮಿಗೆ ಮೇಯಲು ಹೋಗಿದೆ, ಹಟ್ಟಿಗೆ ಬಂದಿಲ್ಲ.

ಸಂಘದವರಿಗೆ ಗೊತ್ತಿಲ್ಲವೇ? ‘ಹೈನುಗಾರಿಕೆ’ ಎಂದು ಬರೆದುಕೊಂಡವನೇ ಕಂತಿನ ಹುಡುಗ. 2022ರ ಏಪ್ರಿಲ್‌ನಿಂದ ರಿಸರ್ವ್ ಬ್ಯಾಂಕೇ ಸಾಲದ ಉದ್ದೇಶದ ತಕರಾರು ಬಿಟ್ಟಿದೆ. ಆದರೂ ಹಸುವೇ ಬೇಕು. ಆಸ್ಪತ್ರೆ ಬಿಲ್ಲಿನ ಫೋಟೊ ಹಾಕಿ ‘ಮಹಿಳಾ ಸಬಲೀಕರಣ’ ಎಂದು ಅಚ್ಚು ಹಾಕಿಸಲಾದೀತೇ?

ಮನೆಯ ತಿಂಗಳ ಆದಾಯದ ಅರ್ಧಕ್ಕಿಂತ ಹೆಚ್ಚು ಕಂತಿಗೆ ಹೋಗಬಾರದು ಎಂದೂ ಅದೇ ನಿಯಮ ಹೇಳುತ್ತದೆ. ಮಳೆ ನಂಬಿದ ರಾಗಿ ಹೊಲದಲ್ಲಿ ‘ತಿಂಗಳ ಆದಾಯ’ ಕಂಡ ಮಹಾನುಭಾವರಿಗೆ ನಮಸ್ಕಾರ. ಬಡ್ಡಿಗಿದ್ದ ಮಿತಿಯನ್ನೂ ಆಗಲೇ ಎತ್ತಿದರು.

‘ಆರೋಗ್ಯ ಕಾರ್ಡ್ ಇಲ್ಲವೇ?’ ಇದೆ ಸ್ವಾಮಿ. ಬಿಪಿಎಲ್ ಮನೆಗೆ ವರ್ಷಕ್ಕೆ 5 ಲಕ್ಷ. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ದೇವರ ಪಟದ ಹಿಂದೆ ಇಟ್ಟಿದ್ದಾಳೆ. ಖಾಸಗಿಗೆ ಹೋಗಲು ಮೊದಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ತರಬೇಕು. ಮೂರು ದಿನ ಓಡಾಟ, ಮೂರು ದಿನದ ಕೂಲಿ ಖೋತಾ. ನೋವಿಗೆ ಅಷ್ಟು ತಾಳ್ಮೆಯಿರಲಿಲ್ಲ. ಆಟೊ ಬಾಡಿಗೆ, ಜೊತೆಗಿದ್ದವರ ಊಟ ಹೇಗೂ ಕಾರ್ಡಿನ ಲೆಕ್ಕಕ್ಕಿಲ್ಲ.

ಸಾಲ ಕೊಡುವಾಗ ವಿಮೆಯ ದುಡ್ಡು ಮುರಿದುಕೊಂಡಿದ್ದರು. ಕಾಯಿಲೆಗೆ ಆಗುತ್ತದೆ ಅಂತ ಪಾಪ ನಂಬಿದ್ದಳು. ಅದು ಆಕೆ ಸತ್ತರೆ ಸಂಘದ ಬಾಕಿ ಚುಕ್ತಾ ಆಗಲು. ಕಾಯಿಲೆ ಬಿದ್ದು ಬದುಕಿಬಿಡುವವರಿಗೆ ಅದರಲ್ಲಿ ಕಾಸಿಲ್ಲ.

2025ರಲ್ಲಿ ರಾಜ್ಯ ಸರ್ಕಾರ ಕಾನೂನು ತಂದಿತು. ವಸೂಲಿಗೆ ಕಿರುಕುಳ ಕೊಟ್ಟರೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಮತ್ತೆ 5 ಲಕ್ಷ! ಈ ಅಂಕಿಯ ಮೇಲೆ ಅದೇನು ಮೋಹವೋ.

ಕಂತಿನ ಹುಡುಗ ಈಗ ಕೂಗಾಡುವುದಿಲ್ಲ. ಸಾಲದ ಗುಂಪಿನ ಉಳಿದ ಹೆಂಗಸರನ್ನು ಆಕೆಯ ಜಗಲಿಯ ಮೇಲೆ ಕೂರಿಸಿ, ತಾನು ಬೈಕಿನ ಮೇಲೆ ಮೊಬೈಲ್ ತೀಡುತ್ತಾನೆ. ಬೈಗುಳದ ಕೆಲಸ ಅವರದು. ಆಕೆಯ ಕಂತು ತುಂಬಬೇಕಾದವರೂ ಅವರೇ ತಾನೇ.

ಮೊನ್ನೆ ಸೊಂಟಕ್ಕೆ ಬೆಲ್ಟ್ ಬಿಗಿದುಕೊಂಡೇ ಅವರಿಗೆ ಲೋಟ ತಂದಿಟ್ಟಳು.

‘ಹಾಲಿಲ್ಲ ಕಣ್ರಕ್ಕಾ. ಕರೀ ಕಾಫಿ.’