ಪ್ರಾರ್ಥನೆಗೋಸ್ಕರ ಹೇಳ್ತಿದ್ದೀನಿ, ಅಷ್ಟೇ!

ನಮ್ಮ ಸಭೆಗಳಲ್ಲಿ ಮಹಾಪಾಪಿಗಳಿಗೆ ಬರ. ದಶಾಜ್ಞೆಗಳನ್ನು ಹಿಡಿದು ಒಬ್ಬೊಬ್ಬರನ್ನೇ ತಪಾಸಣೆ ಮಾಡಿ ನೋಡಿ: ಕೊಲೆ ಮಾಡಿದವರಿಲ್ಲ, ಕದ್ದವರಿಲ್ಲ (ಆರಾಧನೆ ಮುಗಿದ ಮೇಲೆ ಛತ್ರಿಗಳು ಅದಲುಬದಲಾಗುವ ಮಾತು ಬೇರೆ). ನೆರೆಯವನ ಎತ್ತನ್ನು ಆಶಿಸೋಣವೆಂದರೆ ಅವನ ಹತ್ತಿರ ಎತ್ತೇ ಇಲ್ಲ. ಇರುವುದು ನೆರಳಲ್ಲಿ ಕಾರು ನಿಲ್ಲಿಸುವ ಜಾಗ. ಹಾಗಾಗಿ ನಾವೆಲ್ಲ ಒಳ್ಳೆಯವರೇ.

ನಮ್ಮ ಅಮ್ಮನವರೊಬ್ಬರನ್ನೇ ನೋಡಿ. ದಶಮಾಂಶ ತಪ್ಪಿಸಿದವರಲ್ಲ. ಸ್ತ್ರೀಯರ ಕೂಟಕ್ಕೆ ಅವರೇ ಆಧಾರ. ಯಾರು ಆಸ್ಪತ್ರೆ ಸೇರಿದರೂ ಗಂಜಿ ಹೋಗುವುದು ಅವರ ಮನೆಯಿಂದಲೇ. ಆದರೆ ಗಂಜಿ ಕೊಟ್ಟು ಬಂದವರು ಗೇಟಿನ ಹತ್ತಿರ ದನಿ ತಗ್ಗಿಸುತ್ತಾರೆ: "ಪ್ರಾರ್ಥನೆಗೋಸ್ಕರ ಹೇಳ್ತಿದ್ದೀನಿ, ಅಷ್ಟೇ..." ಆಮೇಲೆ ಯಾರ ಮಗಳ ನಿಶ್ಚಿತಾರ್ಥ ಯಾಕೆ ಮುರಿಯಿತು, ಯಾರ ಮಗ ದುಬೈಯಿಂದ ಯಾಕೆ ಹಿಂದಿರುಗಿದ, ಎಲ್ಲವೂ ಬರುತ್ತದೆ. ದೇವರಿಗೆ ಇಷ್ಟು ವಿವರ ಬೇಕೇ? ಸರ್ವವನ್ನೂ ಬಲ್ಲವನಲ್ಲವೇ ಆತ! ಆ ಬಿನ್ನಹ ಪರಲೋಕ ಮುಟ್ಟುವುದರೊಳಗೆ ನಾಲ್ಕು ಬೀದಿ ಸುತ್ತಿರುತ್ತದೆ. ಸಭಾಪಾಲಕರಾದ ಅಯ್ಯನವರು ಒಮ್ಮೆ ಧೈರ್ಯ ಮಾಡಿ ಯಾಕೋಬನ ಪತ್ರಿಕೆಯ 3ನೇ ಅಧ್ಯಾಯ ತೆಗೆದು, ನಾಲಿಗೆಯೆಂಬ ಕಿಡಿಯ ಮೇಲೆ ಪ್ರಸಂಗ ಮಾಡಿದರು. ಅಮ್ಮನವರಿಗೆ ಬಹಳ ಹಿಡಿಸಿತು. "ಕೇಳಬೇಕಾದವರೇ ಇವತ್ತು ಬಂದಿಲ್ಲ ನೋಡಿ" ಎಂದರು.

ಇನ್ನು ನಮ್ಮ ಮತ್ತೊಂದು ಸಣ್ಣ ತಪ್ಪು: ಎಲ್ಲೂ ಚಲಾವಣೆಯಾಗದ ಹರಿದ ನೋಟು. ಅದಕ್ಕೆ ಕಾಣಿಕೆ ಚೀಲವೇ ಕೊನೆಯ ಬ್ಯಾಂಕು.

ಪ್ರಸಂಗಿ ಗ್ರಂಥದ 10ನೇ ಅಧ್ಯಾಯ ಶುರುವಾಗುವುದೇ ಗಂಧದೆಣ್ಣೆಯಲ್ಲಿ ಬಿದ್ದು ಸತ್ತು ಅದನ್ನು ನಾರಿಸುವ ನೊಣಗಳಿಂದ. ಬರೆದವನು ವ್ಯಾಪಾರ ಬಲ್ಲವನೇ ಇರಬೇಕು. ಗ್ಯಾರೇಜಿನ ಕರಿ ಎಣ್ಣೆಯಲ್ಲಿ ನೊಣ ಬಿದ್ದರೆ ಯಾರಿಗೆ ಬೇಕು? ಊರ ಪುಂಡ ಯಾರ ಮೇಲೋ ರೇಗಿದರೆ ಸುದ್ದಿಯೇ ಅಲ್ಲ. ಸಭೆಯ ಹಿರಿಯರು ತರಕಾರಿಯವಳ ಮೇಲೆ ಎರಡು ರೂಪಾಯಿಗೆ ರೇಗಿದರೆ, ಅವರು ಫೀಸು ಕಟ್ಟಿ ಓದಿಸಿದ ಮಕ್ಕಳೆಲ್ಲ ಮರೆತುಹೋಗಿ ಆ ಎರಡು ರೂಪಾಯಿಯೇ ಬೀದಿಯಲ್ಲಿ ಉಳಿಯುತ್ತದೆ. ಅನ್ಯಾಯ ಅಂತೀರಾ? ಅನ್ಯಾಯವೇ. ಆದರೆ ಗಂಧದೆಣ್ಣೆ ಎಂದು ಬೋರ್ಡು ಹಾಕಿಕೊಂಡವರು ನಾವೇ ತಾನೇ.

ತಮ್ಮ ಸಣ್ಣ ತಪ್ಪನ್ನು ಸಂತ ಅಗಸ್ಟೀನರು ನೋಡಿದ್ದು ಇನ್ನೊಂದು ರೀತಿ. 16ರ ವಯಸ್ಸಿನಲ್ಲಿ ಗೆಳೆಯರ ಜೊತೆ ರಾತ್ರಿ ಹೋಗಿ ಯಾರದೋ ಮರದ ಪಿಯರ್ ಹಣ್ಣು ಕದ್ದು, ಬಹುಪಾಲನ್ನು ಹಂದಿಗಳಿಗೆ ಎಸೆದಿದ್ದರು. ಹಸಿವಿರಲಿಲ್ಲ, ಅದಕ್ಕಿಂತ ಒಳ್ಳೆಯ ಹಣ್ಣು ಅವರ ಬಳಿಯೇ ಇತ್ತು. ನಲವತ್ತು ದಾಟಿ, ಬಿಷಪರೂ ಆದ ಮೇಲೆ, ತಮ್ಮ ಬಾಳಿನ ಕಥೆ ಬರೆಯುವಾಗ 2ನೇ ಭಾಗದ ಅರ್ಧಕ್ಕಿಂತ ಹೆಚ್ಚನ್ನು ಆ ಹಣ್ಣುಗಳಿಗೇ ಕೊಟ್ಟರು. ಯಾಕೆ ಕದ್ದೆ, ಯಾಕೆ ಕದ್ದೆ ಎಂದು ಕೆದಕಿದ್ದೇ ಕೆದಕಿದ್ದು. ನಮ್ಮವರು ಬರೆದಿದ್ದರೆ "ಹುಡುಗಾಟ" ಎಂದು ಒಂದೇ ಸಾಲಿನಲ್ಲಿ ಮುಗಿಸಿ, ಉಳಿದ ಪುಟಗಳನ್ನೆಲ್ಲ ಮರದ ಯಜಮಾನನ ಜಿಪುಣತನಕ್ಕೆ ಮೀಸಲಿಡುತ್ತಿದ್ದರು. ಅದೂ ಪ್ರಾರ್ಥನೆಗೋಸ್ಕರವೇ.